ಜೀವಶಾಸ್ತ್ರದ ಪದವಿಯೂ ಜೀವನೋಪಾಯವೂ

ಪ್ರತಿವರ್ಷವೂ ಬೇಸಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ, ದ್ವಿತೀಯ ಪಿಯುಸಿಯ ಫಲಿತಾಂಶವೂ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಅಂಕಗಳೂ ಹೊರಬಿದ್ದ ಬಳಿಕ, ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಘೋಷಿಸದ, ಆದರೆ ಎಲ್ಲರೂ ಒಪ್ಪಿಕೊಂಡಿರುವ ಒಂದು ತೀರ್ಪು ಜಾರಿಗೆ ಬರುತ್ತದೆ. ಎಂಬಿಬಿಎಸ್ ಸೀಟು ದೊರೆತವನು ಜೀವಶಾಸ್ತ್ರವನ್ನು ಓದಿದ್ದು ಸಾರ್ಥಕವಾಯಿತು, ದೊರೆಯದೆ ಬಿ.ಎಸ್ಸಿ. ತರಗತಿಗೆ ಸೇರಿದವನು ಅದೇ ಶಾಸ್ತ್ರವನ್ನು ಇನ್ನೂ ಮೂರು ವರ್ಷ ಓದುವುದು ವ್ಯರ್ಥ ಕಾಲಕ್ಷೇಪ. ಬಹಳವಾದರೆ ಅವನು ಎಂ.ಎಸ್ಸಿ. ಮುಗಿಸಿ ಮೇಷ್ಟರಾದಾನು, ಅಷ್ಟೆ. ಇದು ಆ ತೀರ್ಪಿನ ಸಾರ. ಇದನ್ನು ಅಜ್ಞಾನಿಗಳ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೀಗೆ ಹೇಳುವವರು ಬಹುಮಟ್ಟಿಗೆ ಲೋಕಾನುಭವವುಳ್ಳವರು. ಸ್ನಾತಕೋತ್ತರ ಪದವಿ ಪಡೆದೂ ವರ್ಷವರ್ಷವೂ ಅತಿಥಿ ಉಪನ್ಯಾಸಕರಾಗಿ ಅಲ್ಪ ಗೌರವಧನಕ್ಕೆ ದುಡಿಯುತ್ತಿರುವವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅದೇ ಓಣಿಯ ಎಂಜಿನಿಯರಿಂಗ್ ವಿದ್ಯಾರ್ಥಿ ಕಾಲೇಜಿನ ಕೊನೆಯ ವರ್ಷದಲ್ಲಿಯೇ ಕಂಪನಿಯೊಂದರ ನೇಮಕಪತ್ರವನ್ನು ಹಿಡಿದು ಮನೆಗೆ ಬಂದುದನ್ನೂ ಕಂಡಿದ್ದಾರೆ. ಮಕ್ಕಳ ಹಿತವನ್ನು ಬಯಸುವವರು ಇಂಥ ದೃಷ್ಟಾಂತಗಳಿಂದ ಒಂದು ನಿಯಮವನ್ನು ಊಹಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಕಂಡ ಸಂಗತಿಗಳೆಲ್ಲ ನಿಜವೆಂದೇ ಒಪ್ಪಿಕೊಂಡು, ಅವುಗಳಿಂದ ಅವರು ತೆಗೆದ ನಿರ್ಣಯವು ನಿಲ್ಲುವುದೇ ಎಂಬುದನ್ನು ಮಾತ್ರ ನಾವು ಇಲ್ಲಿ ಪರಿಶೀಲಿಸೋಣ.

ಈ ವಿಷಾದದ ಅಭಿಪ್ರಾಯಕ್ಕೆ ಎದುರಾಗಿ ಇನ್ನೊಂದು ಉತ್ಸಾಹದ ಅಭಿಪ್ರಾಯವೂ ಈಚಿನ ದಿನಗಳಲ್ಲಿ ಪ್ರಚಾರಕ್ಕೆ ಬಂದಿದೆ. ವೃತ್ತಿಮಾರ್ಗದರ್ಶನದ ಸಭೆಗಳಲ್ಲಿಯೂ ಕಾಲೇಜುಗಳ ಪ್ರವೇಶಪತ್ರಿಕೆಗಳಲ್ಲಿಯೂ ಕಾಣಿಸಿಕೊಳ್ಳುವ ಆ ಅಭಿಪ್ರಾಯದ ಪ್ರಕಾರ ಜೀವಶಾಸ್ತ್ರದ ಪದವೀಧರನಿಗೆ ನೂರು ಬಾಗಿಲುಗಳು ತೆರೆದಿವೆ: ಅವನು ವನ್ಯಜೀವಿತಜ್ಞನಾಗಬಹುದು, ಅಪರಾಧಪರೀಕ್ಷಕನಾಗಬಹುದು, ತಳಿವಿಜ್ಞಾನಿಯಾಗಬಹುದು, ಔಷಧೋದ್ಯಮಿಯಾಗಬಹುದು. ಮೊದಲನೆಯವರು ಒಂದೂ ಬಾಗಿಲಿಲ್ಲವೆಂದರೆ ಎರಡನೆಯವರು ಎಲ್ಲಾ ಬಾಗಿಲುಗಳೂ ತೆರೆದಿವೆಯೆನ್ನುತ್ತಾರೆ. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಮತಗಳ ಬುಡದಲ್ಲಿ ಇರುವ ಭ್ರಾಂತಿ ಒಂದೇ ಎಂಬುದು ನನ್ನ ವಾದ. ಪದವಿಯೆಂಬುದು ರೈಲಿನ ಚೀಟಿಯಂತೆ ಊರಿನ ಹೆಸರನ್ನು ಮೈಮೇಲೆ ಅಚ್ಚೊತ್ತಿಸಿಕೊಂಡಿರಬೇಕೆಂದು ಇಬ್ಬರೂ ಭಾವಿಸಿದ್ದಾರೆ. ಊರುಗಳ ಸಂಖ್ಯೆಯ ವಿಷಯದಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯ.

ಪದವಿಗೂ ಕೆಲಸಕ್ಕೂ ಇರುವ ಸಂಬಂಧ ಒಂದೇ ಬಗೆಯದಲ್ಲ. ಕಡಮೆಯೆಂದರೆ ಮೂರು ಬಗೆಗಳನ್ನು ನಾವು ಬೇರೆ ಮಾಡಿ ನೋಡಬೇಕಾಗುತ್ತದೆ:

(1) ಕೆಲವು ಕೆಲಸಗಳನ್ನು ನಿರ್ದಿಷ್ಟ ಪದವಿಯೂ ನೋಂದಣಿಯೂ ಇಲ್ಲದವನು ಮಾಡಿದರೆ ಅದು ಅಪರಾಧವೆನಿಸುತ್ತದೆ. ರೋಗಿಗೆ ಔಷಧಿ ಬರೆದುಕೊಡುವುದು, ಶಸ್ತ್ರಚಿಕಿತ್ಸೆ ಮಾಡುವುದು, ನ್ಯಾಯಾಲಯದಲ್ಲಿ ಕಕ್ಷಿಯ ಪರವಾಗಿ ವಾದಿಸುವುದು ಈ ಜಾತಿಯವು. ಇಲ್ಲಿ ಪದವಿಗೆ ಕಾನೂನೇ ಬೇಲಿ ಹಾಕಿ ಕಾವಲು ನಿಂತಿದೆ.

(2) ಕೆಲವು ಹುದ್ದೆಗಳಿಗೆ ಇಂಥಿಂಥ ಪದವಿಯವರು ಮಾತ್ರ ಅರ್ಜಿ ಹಾಕತಕ್ಕದ್ದೆಂದು ನೇಮಕಾತಿಯ ನಿಯಮ ವಿಧಿಸುತ್ತದೆ. ಆ ಕೆಲಸವನ್ನು ಬೇರೊಬ್ಬನೂ ಮಾಡಬಲ್ಲವನಾಗಿರಬಹುದು. ಆದರೆ ನಿಯಮದ ಪಟ್ಟಿಯಲ್ಲಿ ಅವನ ಪದವಿಯ ಹೆಸರಿಲ್ಲದಿದ್ದರೆ ಅವನ ಅರ್ಜಿ ತಿರಸ್ಕೃತವಾಗುವುದು.

(3) ಇನ್ನುಳಿದ ಬಹುಸಂಖ್ಯಾತ ಕೆಲಸಗಳು ಜ್ಞಾನವನ್ನು ಬೇಡುತ್ತವೆಯೇ ಹೊರತು ಒಂದು ಗೊತ್ತಾದ ಪದವಿಯನ್ನಲ್ಲ. ಆ ಜ್ಞಾನವಿಲ್ಲದವನ ಕೈಯಲ್ಲಿ ಅವು ಕೆಡುತ್ತವೆ. ಇರುವವನ ಕೈಯಲ್ಲಿ ಸಾಗುತ್ತವೆ.

ವೈದ್ಯವೃತ್ತಿಯಲ್ಲಿ ಈ ಮೂರೂ ಒಂದೆಡೆ ಕೂಡಿಕೊಂಡಿವೆ. ಪದವಿಯೇ ಪರವಾನಗಿ, ಪರವಾನಗಿಯೇ ಹುದ್ದೆಗೆ ಅರ್ಹತೆ, ಹುದ್ದೆಯ ಕೆಲಸವೇ ಪದವಿಯಲ್ಲಿ ಕಲಿತ ವಿದ್ಯೆಯ ಪ್ರಯೋಗ. ಇಂಥ ಸಂಯೋಗ ಮಾನವ ಉದ್ಯೋಗಗಳಲ್ಲಿ ಅಪರೂಪ. ಆ ಅಪವಾದವನ್ನೇ ಮಾನದಂಡವಾಗಿ ಹಿಡಿದು ಅಳೆಯಹೊರಟರೆ ಇತಿಹಾಸ, ಅರ್ಥಶಾಸ್ತ್ರ, ಭೌತಶಾಸ್ತ್ರ, ಗಣಿತ ಮೊದಲಾಗಿ ವಿಶ್ವವಿದ್ಯಾನಿಲಯದಲ್ಲಿ ಕಲಿಸುವ ವಿದ್ಯೆಗಳಲ್ಲಿ ಹೆಚ್ಚಿನವು ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಕಾಗುತ್ತದೆ. ಅಷ್ಟು ದೂರ ಹೋಗಲು ಯಾರೂ ಸಿದ್ಧರಿಲ್ಲ. ಜೀವಶಾಸ್ತ್ರವೊಂದನ್ನೇ ಈ ಕಟ್ಟುನಿಟ್ಟಿನ ತಕ್ಕಡಿಗೆ ಏರಿಸುವುದಕ್ಕೆ ಕಾರಣ ಶಾಸ್ತ್ರದಲ್ಲಿಲ್ಲ, ನಮ್ಮ ಪಿಯುಸಿಯ ವಿಷಯವಿಭಾಗದಲ್ಲಿದೆ. ಪಿಸಿಎಂಬಿ ಎಂಬ ನಾಲ್ಕಕ್ಷರದ ಗುಂಪಿನ ಕೊನೆಯ ಅಕ್ಷರವಾದ ಜೀವಶಾಸ್ತ್ರವನ್ನು ಹುಡುಗರು ಆರಿಸಿಕೊಳ್ಳುವುದು ಪ್ರವೇಶಪರೀಕ್ಷೆಗೆ ಅದು ಬೇಕೆಂಬ ಕಾರಣದಿಂದ. ಹೀಗೆ ಪರೀಕ್ಷೆಗಾಗಿ ಹೊಕ್ಕ ವಿಷಯವು ಪರೀಕ್ಷೆ ಮುಗಿದೊಡನೆ ಅರ್ಥಶೂನ್ಯವಾಗಿ ಕಾಣುವುದು ಸಹಜ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. 2024ರಲ್ಲಿ ದೇಶದಾದ್ಯಂತ ನೀಟ್ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಅಧಿಕ. ಆಗ ಎಂಬಿಬಿಎಸ್ ಸ್ಥಾನಗಳು 1 ಲಕ್ಷಕ್ಕಿಂತ ತುಸು ಹೆಚ್ಚು. ದಂತವೈದ್ಯ, ಆಯುರ್ವೇದಾದಿಗಳನ್ನು ಸೇರಿಸಿಕೊಂಡರೂ ಹೊರಗೆ ಉಳಿಯುವವರೇ ಬಹುಪಾಲು. ಜೀವಶಾಸ್ತ್ರದ ಏಕೈಕ ಪ್ರಯೋಜನ ವೈದ್ಯಕೀಯವೆಂಬುದು ನಿಜವಾದರೆ ಇಷ್ಟು ಲಕ್ಷ ಜನರು ಅದನ್ನು ಓದಿದ್ದು ವ್ಯರ್ಥವೆಂದಾಗುತ್ತದೆ, ಸರಿಯೆ. ಆದರೆ ಇಲ್ಲಿ ಸಿದ್ಧಪಡಿಸಬೇಕಾಗಿದ್ದ ಮಾತನ್ನೇ ನಾವು ಆಧಾರವಾಗಿ ಇಟ್ಟುಕೊಂಡಿದ್ದೇವೆ. ಆ ‘ಏಕೈಕ’ವೆಂಬುದನ್ನು ಮೊದಲು ತೋರಿಸಿಕೊಡಬೇಕಷ್ಟೆ? ಪಠ್ಯಪುಸ್ತಕವೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. ಪಾಚಿಯ ಸಂತಾನಕ್ರಮವೂ ಜರೀಗಿಡದ ಜೀವನಚಕ್ರವೂ ದ್ವಿದಳ ಕಾಂಡದ ಅಡ್ಡಸೀಳಿಕೆಯೂ ಎಂಬಿಬಿಎಸ್ ವಿದ್ಯಾರ್ಥಿಗೆ ಮುಂದೆಂದೂ ಬೇಕಾಗುವುದಿಲ್ಲ. ಆ ಶಾಸ್ತ್ರ ತನ್ನದೇ ಪ್ರಶ್ನೆಗಳನ್ನು ಹೊತ್ತು ನಿಂತಿರುವ ಸ್ವತಂತ್ರ ವಿದ್ಯೆಯಾದ್ದರಿಂದಲೇ ಅವು ಅಲ್ಲಿವೆ. ವೈದ್ಯಕೀಯವು ಅದರಿಂದ ತನಗೆ ಬೇಕಾದಷ್ಟನ್ನು ಎರವಲು ಪಡೆಯುತ್ತದೆ.

ಇಲ್ಲಿ ಒಬ್ಬರು ಹೀಗೆ ಆಕ್ಷೇಪಿಸಬಹುದು: ಶಾಸ್ತ್ರ ಸ್ವತಂತ್ರವಾಗಿರಲಿ, ಸಮಾಜಕ್ಕೆ ಬೇಕಾದದ್ದು ರೋಗವನ್ನು ಗುಣಪಡಿಸುವ ವೈದ್ಯ, ಕಪ್ಪೆಯನ್ನೂ ಕೀಟವನ್ನೂ ಕುರಿತು ಬಲ್ಲವನಿಂದ ಸಮಾಜಕ್ಕೆ ಏನಾಗಬೇಕಾಗಿದೆ? ಈ ಆಕ್ಷೇಪಕ್ಕೆ ಉತ್ತರವನ್ನು ವೈದ್ಯರ ಸ್ವಕ್ಷೇತ್ರದಲ್ಲಿಯೇ, ಅಂದರೆ ರೋಗದಲ್ಲಿಯೇ, ಹುಡುಕುವುದು ಯುಕ್ತ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದುವು. ಜೊತೆಜೊತೆಗೆ ಸುತ್ತಣ ಹಳ್ಳಿಗಳಲ್ಲಿ ಜನರು ಪ್ರಾಣಾಪಾಯವನ್ನು ತರುವ ಒಂದು ಜ್ವರಕ್ಕೆ ತುತ್ತಾದರು. ಮಂಗಗಳು ಸಾಯುತ್ತಿದ್ದುದರಿಂದ ಇದು ಆಫ್ರಿಕಾದ ಪೀತಜ್ವರವಿರಬಹುದೇ ಎಂಬ ಶಂಕೆ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾದ ವಸಂತ-ಬೇಸಗೆಯ ಮಿದುಳುಜ್ವರದ ಬಂಧುವೆಂದೂ, ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡತಕ್ಕದ್ದೆಂದೂ ತಿಳಿದುಬಂತು. ಆ ಕ್ಷಣದಿಂದ ಎದ್ದ ಪ್ರಶ್ನೆಗಳನ್ನು ಎಣಿಸಿ ನೋಡಿ. ಕಾಡಿನ ಹತ್ತಾರು ಬಗೆಯ ಉಣುಗುಗಳಲ್ಲಿ ವೈರಸ್ಸನ್ನು ಹೊರುವುದು ಯಾವುದು? ಅದು ಬೇಸಗೆಯಲ್ಲಿಯೇ ಏಕೆ ಉಪದ್ರವ ಮಾಡುತ್ತದೆ? ಅದರ ಮರಿಗಳು ಯಾವ ಇಲಿಗಳ, ಯಾವ ಹಕ್ಕಿಗಳ ಮೈಮೇಲೆ ಬೆಳೆಯುತ್ತವೆ? ಕಾಡಿಗೆ ಮೇಯಲು ಹೋಗುವ ದನಗಳು ಬೆಳೆದ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತಿವೆಯೆ? ಉತ್ತರ ದೇಶಗಳಿಂದ ವಲಸೆ ಬರುವ ಪಕ್ಷಿಗಳು ಇದನ್ನು ಹೊತ್ತು ತಂದಿರಬಹುದೆ? ಜ್ವರಪೀಡಿತನ ನಾಡಿ ಹಿಡಿದು ಕುಳಿತ ವೈದ್ಯ, ಅವನು ಎಷ್ಟೇ ನಿಪುಣನಾಗಿರಲಿ, ಇವುಗಳಲ್ಲಿ ಒಂದಕ್ಕೂ ಉತ್ತರ ಹೇಳಲಾರ. ಉತ್ತರ ಹೇಳಿದವರು ಕೀಟಶಾಸ್ತ್ರಜ್ಞರು, ಪ್ರಾಣಿಶಾಸ್ತ್ರಜ್ಞರು, ವೈರಾಣುಶಾಸ್ತ್ರಜ್ಞರು. ಕೀಟಶಾಸ್ತ್ರದಲ್ಲಿ ಹೆಸರಾಂತ ಟಿ. ರಾಮಚಂದ್ರ ರಾವ್ ಆ ಪುಣೆಯ ಕೇಂದ್ರದ ನಿರ್ದೇಶಕರಾಗಿದ್ದವರು. ಮಲೆನಾಡಿನ ಕಾಡುಗಳಲ್ಲಿ ಈ ರೋಗದ ಬೆನ್ನುಹತ್ತಿ ದುಡಿದ ಪಿ. ಕೆ. ರಾಜಗೋಪಾಲನ್ ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನ ಕೇಂದ್ರದ ಮುಖ್ಯಸ್ಥರಾದರು. ಪಕ್ಷಿಗಳ ಪ್ರಶ್ನೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯುವ ಕಾರ್ಯವನ್ನು ಕೈಗೊಂಡಿತು. ಅದರ ನೇತೃತ್ವ ವಹಿಸಿದವರು ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿ. ಮಂಗನ ಕಾಯಿಲೆಯೆಂದು ಹೆಸರಾದ ಈ ರೋಗ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಪ್ರತಿ ಬೇಸಗೆಯಲ್ಲಿಯೂ ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಸಂಗ್ರಹಿಸುವವರು ಬೇಕು, ಅದರ ಜಾತಿಯನ್ನು ಗುರುತಿಸುವವರು ಬೇಕು, ಮಾದರಿಗಳನ್ನು ಪರೀಕ್ಷಿಸುವವರು ಬೇಕು. ರೋಗವೆಂದರೆ ವೈದ್ಯನೆಂಬ ಸಮೀಕರಣ ನಮ್ಮದೇ ನೆಲದ ಒಂದು ರೋಗದ ಮುಂದೆ ಹೀಗೆ ಮುರಿದುಬೀಳುತ್ತದೆ.

“ಇವರೆಲ್ಲ ಅಸಾಧಾರಣರು, ಸಾಮಾನ್ಯ ವಿದ್ಯಾರ್ಥಿಯ ಮಾತನಾಡಿ” ಎಂಬುದು ಮುಂದಿನ ಆಕ್ಷೇಪ, ಮತ್ತು ಇದು ಹಿಂದಿನದಕ್ಕಿಂತ ಗಟ್ಟಿಯಾದದ್ದು. ವಿದ್ಯೆಯ ದೂರಗಾಮಿ ಪ್ರಯೋಜನವನ್ನು ಎತ್ತಿ ಹೇಳುವ ದೃಷ್ಟಾಂತಗಳು ನಮ್ಮಲ್ಲಿ ಸಾಕಷ್ಟಿವೆ. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರ ಓದಿ ಹಾವುಗಳ ವರ್ಣತಂತುಗಳನ್ನು ಅಭ್ಯಾಸ ಮಾಡಿದ ಲಾಲ್ಜಿ ಸಿಂಗ್, ಕಟ್ಟುಹಾವಿನ ಡಿಎನ್ಎಯಲ್ಲಿ ಕಂಡುಕೊಂಡ ಒಂದು ಪುನರಾವರ್ತಿತ ಅಂಶವನ್ನು ಮುಂದೆ ಹೈದರಾಬಾದಿನಲ್ಲಿ ಮನುಷ್ಯರ ಗುರುತುಪತ್ತೆಗೆ ಬಳಸಿದರು. ಪಿತೃತ್ವದ ವಿವಾದಗಳಿಂದ ಹಿಡಿದು ರಾಜೀವ ಗಾಂಧಿಯವರ ಹತ್ಯೆಯ ತನಿಖೆಯವರೆಗೆ ಆ ವಿದ್ಯೆ ಉಪಯೋಗಕ್ಕೆ ಬಂತು. ಹಾವಿನ ವರ್ಣತಂತುಗಳನ್ನು ನೋಡುತ್ತ ಕುಳಿತ ತರುಣನನ್ನು ಕಂಡು ‘ಇದರಿಂದೇನು’ ಎಂದವರಿದ್ದರೆ ಅವರಿಗೆ ಇದು ತಕ್ಕ ಉತ್ತರ. ಆದರೆ ಇಪ್ಪತ್ತೊಂದನೆಯ ವಯಸ್ಸಿಗೆ ಮನೆಗೆ ನಾಲ್ಕು ಕಾಸು ತರಬೇಕಾದ ಹುಡುಗಿಗೆ ಇದು ಉತ್ತರವಲ್ಲ. ಶಾಸ್ತ್ರದ ಉಪಯುಕ್ತತೆ ಬೇರೆ, ಅದನ್ನು ಓದಿದ ಪ್ರತಿಯೊಬ್ಬರ ಜೀವನೋಪಾಯ ಬೇರೆ. ಮೊದಲನೆಯದನ್ನು ಸಾಧಿಸಿ ಎರಡನೆಯದನ್ನು ಸಾಧಿಸಿದೆವೆಂದುಕೊಳ್ಳುವುದು ವಿಜ್ಞಾನದ ಅಭಿಮಾನಿಗಳು ಮತ್ತೆ ಮತ್ತೆ ಬೀಳುವ ಹಳ್ಳ. ಆದುದರಿಂದ ವಾದವನ್ನು ಸಾಧಾರಣ ಸಂಬಳದ, ಸಾಧಾರಣ ಸಾಮರ್ಥ್ಯದ ನೆಲಕ್ಕೇ ಇಳಿಸಿಕೊಂಡು ನೋಡಬೇಕು.

ಆ ನೆಲದಲ್ಲಿ ಕಾಣುವುದೇನು? ಔಷಧ ಕಾರ್ಖಾನೆಯಲ್ಲಿ ನೀರು, ಗಾಳಿ, ಚುಚ್ಚುಮದ್ದಿನ ಸೀಸೆಗಳು ಸೂಕ್ಷ್ಮಜೀವಿಮುಕ್ತವಾಗಿವೆಯೇ ಎಂದು ದಿನದಿನವೂ ಪರೀಕ್ಷಿಸುವವನು ಸೂಕ್ಷ್ಮಜೀವಿಶಾಸ್ತ್ರ ಬಲ್ಲವನು. ಕೃತಕ ಗರ್ಭಧಾರಣ ಕೇಂದ್ರದ ಒಳಕೋಣೆಯಲ್ಲಿ ಭ್ರೂಣವನ್ನು ಪೋಷಿಸುವವರು ಸಾಮಾನ್ಯವಾಗಿ ಜೀವವಿಜ್ಞಾನದಿಂದ ಬಂದವರು. ರಾಣೆಬೆನ್ನೂರಿನ ಸುತ್ತ ರೈತರ ಹೊಲಗಳಲ್ಲಿ ನಡೆಯುವ ಸಂಕರಬೀಜದ ಉತ್ಪಾದನೆಯಲ್ಲಿ ಪರಾಗಸ್ಪರ್ಶದ ಶುದ್ಧತೆಯೇ ಸರ್ವಸ್ವ. ಬಾಳೆಹೊನ್ನೂರಿನ ಕಾಫಿ ಸಂಶೋಧನ ಸಂಸ್ಥೆ, ಮೈಸೂರಿನ ರೇಷ್ಮೆ ಸಂಶೋಧನ ಸಂಸ್ಥೆ ಮತ್ತು ಆಹಾರ ಸಂಶೋಧನಾಲಯ ಇವು ಮೂರೂ ಗಿಡ, ಹುಳು, ಕಿಣ್ವ, ಬೂಷ್ಟುಗಳ ವ್ಯವಹಾರದ ಮೇಲೆ ನಿಂತಿವೆ. ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ವರದಿ ಅಗತ್ಯ, ಮತ್ತು ಆ ವರದಿಯಲ್ಲಿ ಜೀವಪರಿಸರದ ಅಧ್ಯಾಯವನ್ನು ಯಾರಾದರೂ ಬರೆಯಲೇಬೇಕು. ಅರಿಸಿನದ ಗಾಯ ಮಾಯಿಸುವ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ದೊರೆತ ಪೇಟೆಂಟನ್ನು ನಮ್ಮ ದೇಶದ ವೈಜ್ಞಾನಿಕ ಸಂಶೋಧನ ಮಂಡಳಿಯಾದ ಸಿಎಸ್ಐಆರ್ ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿದಾಗ ಕಾನೂನೂ ಸಸ್ಯಜ್ಞಾನವೂ ಒಟ್ಟಿಗೆ ಕೆಲಸ ಮಾಡಬೇಕಾಯಿತು. ಪೇಟೆಂಟ್ ಏಜೆಂಟರ ಪರೀಕ್ಷೆಗೆ ವಿಜ್ಞಾನದ ಪದವಿಯೇ ಸಾಕು, ಕಾನೂನಿನ ಪದವಿ ಬೇಕಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಹೊಸ ಔಷಧಗಳ ಅಡ್ಡಪರಿಣಾಮಗಳ ವರದಿಗಳನ್ನು ಓದಿ ವಿಂಗಡಿಸುವವರು, ಆಸ್ಪತ್ರೆಯ ದಾಖಲೆಗಳನ್ನು ವಿಮೆಯ ಸಂಕೇತಗಳಿಗೆ ತಿರುಗಿಸುವ ಮೆಡಿಕಲ್ ಕೋಡಿಂಗ್‌ನವರು ಹಲವರಿದ್ದಾರೆ, ಅವರಲ್ಲಿ ಬಿ.ಎಸ್ಸಿ.ಯವರಿಗೂ ಎಡೆಯುಂಟು. ಅದು ಮನಸ್ಸನ್ನು ಅರಳಿಸುವ ಕೆಲಸವೆಂದು ನಾನು ಹೇಳಲಾರೆ.

ಈ ಸಾಲನ್ನು ಇನ್ನಷ್ಟು ಉದ್ದ ಮಾಡಬಹುದು. ಮಾಡಿದರೆ ನಾನೂ ನೂರು ಬಾಗಿಲುಗಳ ಪಟ್ಟಿಕಾರನಾದೇನು. ಗಮನಿಸತಕ್ಕದ್ದು ಬೇರೊಂದಿದೆ. ಮೇಲೆ ಹೇಳಿದ ಪ್ರತಿಯೊಂದು ಕೆಲಸದಲ್ಲಿಯೂ ಜೀವಶಾಸ್ತ್ರ ಒಂಟಿಯಾಗಿ ನಿಂತಿಲ್ಲ. ಕಾರ್ಖಾನೆಯಲ್ಲಿ ಅದರ ಜೊತೆಗೆ ಗುಣಮಟ್ಟದ ನಿಯಮಾವಳಿಯ ಜ್ಞಾನ, ಬೀಜೋತ್ಪಾದನೆಯಲ್ಲಿ ಬೇಸಾಯದ ಪರಿಚಯ, ಪೇಟೆಂಟಿನಲ್ಲಿ ಕಾನೂನಿನ ಭಾಷೆ, ಪರಿಸರ ವರದಿಯಲ್ಲಿ ಸಂಖ್ಯಾಶಾಸ್ತ್ರ ಮತ್ತು ಕಾಡು ಸುತ್ತುವ ಕಾಲ್ಬಲ, ಹೀಗೆ ಎರಡನೆಯ ವಿದ್ಯೆಯೊಂದು ಕೂಡಿಕೊಂಡಿದೆ. ಕಿರಣ್ ಮಜುಂದಾರ್ ಷಾ ಅವರ ವೃತ್ತಾಂತವನ್ನು ಸಾಮಾನ್ಯವಾಗಿ ಸಾಹಸಕಥೆಯಾಗಿ ಹೇಳುವ ರೂಢಿಯಿದೆ. ನನಗೆ ಅದರಲ್ಲಿ ಸಾಹಸಕ್ಕಿಂತ ಈ ಕೂಡಿಕೆ ಮುಖ್ಯವಾಗಿ ತೋರುತ್ತದೆ. ವೈದ್ಯಕೀಯಕ್ಕೆ ಹೋಗುವ ಆಸೆ ಕೈಗೂಡದೆ ಅವರು 1973ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದರು. ಬಳಿಕ ಆಸ್ಟ್ರೇಲಿಯಾದ ಬ್ಯಾಲರಾಟ್‌ನಲ್ಲಿ ಬಿಯರ್ ತಯಾರಿಕೆಯ ವಿದ್ಯೆಯನ್ನು ಕಲಿತರು. ಹೆಂಗಸೆಂಬ ಕಾರಣಕ್ಕೆ ಇಲ್ಲಿನ ಬಿಯರ್ ಉದ್ಯಮದಲ್ಲಿ ತಕ್ಕ ಹುದ್ದೆ ದೊರೆಯಲಿಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿ ಪರಂಗಿಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನೂ ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸನ್ನೂ ತಯಾರಿಸತೊಡಗಿದರು. ಪ್ರಾಣಿಶಾಸ್ತ್ರದ ಪದವಿ ಅವರಿಗೆ ಹುದ್ದೆ ಕೊಡಲಿಲ್ಲ, ಬಿಯರಿನ ಪದವಿಯೂ ಕೊಡಲಿಲ್ಲ. ಎರಡೂ ಕೂಡಿದೆಡೆಯಲ್ಲಿ ಮೂರನೆಯ ಕೆಲಸವೊಂದು ಹುಟ್ಟಿತು. ಒಬ್ಬರು ಉದ್ಯಮಪತಿಗಳಾದುದರಿಂದ ಉಳಿದವರೂ ಆಗಬಹುದೆಂದು ಇದರಿಂದ ಸಿದ್ಧವಾಗುವುದಿಲ್ಲ, ಹಾಗೆ ಸಾಧಿಸಹೊರಡುವುದು ತರ್ಕವೂ ಅಲ್ಲ. ಸಿದ್ಧವಾಗುವುದು ಇಷ್ಟೇ: ವೈದ್ಯಕೀಯ ತಪ್ಪಿದ ಪ್ರಾಣಿಶಾಸ್ತ್ರವು ಅಲ್ಲಿಗೇ ಮುಗಿದುಹೋಗಬೇಕಾಗಿಲ್ಲ, ಮತ್ತು ಅದು ತಾನಾಗಿಯೇ ಮುಂದಕ್ಕೆ ಒಯ್ಯುವುದೂ ಇಲ್ಲ.

ಉತ್ಸಾಹಿಗಳ ಪಟ್ಟಿಗೆ ನೇಮಕಾತಿಯ ನಿಯಮಗಳೂ ಎದುರು ನಿಲ್ಲುತ್ತವೆ. ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ 2011ರ ನಿಯಮಗಳು ಹೆಸರಿಸುವ ಪದವಿಗಳಲ್ಲಿ ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಕೃಷಿ, ಪಶುವೈದ್ಯ ಮುಂತಾದವು ಇವೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಹೆಸರಿಲ್ಲ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗಾದರೋ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳವರಿಗೆ ಪ್ರವೇಶವುಂಟು. ಆದರೆ ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರಿಗೂ ಉಂಟು. ಮೊದಲನೆಯ ಬಾಗಿಲು ಮುಚ್ಚಿದೆ, ಎರಡನೆಯದು ಬೇರೆಯವರಿಗೂ ತೆರೆದಿದೆ. ‘ಜೀವಶಾಸ್ತ್ರದ ಪದವಿ’ ಎಂಬ ಒಂದೇ ಮಾತಿನಲ್ಲಿ ನಾವು ಕಟ್ಟಿಹಾಕುವ ಪದವಿಗಳು ನಿಯಮದ ಕಣ್ಣಿಗೆ ಒಂದಲ್ಲವೆಂಬುದು ತರಗತಿಗೆ ಸೇರುವ ಮುನ್ನ ತಿಳಿದಿರಬೇಕಾದ ಸಂಗತಿ. ಸೇರಿದ ಮೂರನೆಯ ವರ್ಷದಲ್ಲಿ ಅದನ್ನು ಕಂಡುಕೊಳ್ಳುವವರೇ ಹೆಚ್ಚೆಂದು ತೋರುತ್ತದೆ. ಇಲ್ಲಿಯೇ ಇನ್ನೊಂದು ಆಕ್ಷೇಪ ಹುಟ್ಟುತ್ತದೆ: ಎಂಜಿನಿಯರನೂ ಕಾಡಿನ ಕೆಲಸಕ್ಕೆ ಬರಬಹುದಾದರೆ ಜೀವಶಾಸ್ತ್ರವನ್ನೇ ಓದುವುದು ಏತಕ್ಕೆ? ಹುಲಿಗಳ ಅಧ್ಯಯನದಿಂದ ವಿಖ್ಯಾತರಾದ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಅಲ್ಲವೆ? ನಿಜ. ಆದರೆ ಅವರು ಆಮೇಲೆ ಫ್ಲಾರಿಡಾದಲ್ಲಿ ವನ್ಯಜೀವಿಶಾಸ್ತ್ರದ ಸ್ನಾತಕೋತ್ತರ ವಿದ್ಯಾಭ್ಯಾಸ ಮಾಡಿ, ಮಂಗಳೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಜೀವಶಾಸ್ತ್ರವನ್ನು ಅವರು ತಪ್ಪಿಸಿಕೊಳ್ಳಲಿಲ್ಲ, ತಡವಾಗಿ ಕಲಿತರು. ಲೆಕ್ಕದ ಬಲವನ್ನು ಮೊದಲೇ ಸಂಪಾದಿಸಿಕೊಂಡಿದ್ದರು. ಇಲ್ಲಿಯೂ ಎರಡು ವಿದ್ಯೆಗಳ ಕೂಡಿಕೆಯೇ, ಕ್ರಮ ಮಾತ್ರ ಹಿಂದುಮುಂದು. ಇದಕ್ಕೆ ವ್ಯತಿರಿಕ್ತವಾದ ಸಂಗತಿಯೂ ಇತಿಹಾಸದಲ್ಲಿದೆ: ಜ್ಞಾನವಿದ್ದ ಸಾಲಿಂ ಅಲಿಯವರಿಗೆ ವಿಶ್ವವಿದ್ಯಾನಿಲಯದ ಪದವಿಯಿಲ್ಲವೆಂಬ ಕಾರಣದಿಂದ ಪ್ರಾಣಿ ಸರ್ವೇಕ್ಷಣ ಇಲಾಖೆಯ ಹುದ್ದೆ ತಪ್ಪಿಹೋಗಿತ್ತು. ಪದವಿಗೆ ಬೆಲೆಯೇ ಇಲ್ಲವೆನ್ನುವವರು ಇದನ್ನೂ ನೆನೆಯಬೇಕು.

ಮೇಷ್ಟರ ವೃತ್ತಿಯ ವಿಷಯವಾಗಿ ಎರಡು ಮಾತು. ಜನಾಭಿಪ್ರಾಯವು ಅದನ್ನು ಸೋತವರ ತಂಗುದಾಣವೆಂದು ಬಗೆಯುತ್ತದೆ. ಅದೇ ಜನರು ಮಕ್ಕಳಿಗೆ ಜೀವಶಾಸ್ತ್ರವನ್ನು ಚೆನ್ನಾಗಿ ಹೇಳಿಕೊಡುವ ಕೋಚಿಂಗ್ ಕೇಂದ್ರವನ್ನು ಹುಡುಕಿಕೊಂಡು ಊರೂರು ಅಲೆದು ಲಕ್ಷಗಟ್ಟಲೆ ಶುಲ್ಕ ತೆರುತ್ತಾರೆ. ಹೇಳಿಕೊಡುವವನು ತಮ್ಮ ಲೆಕ್ಕದ ಪ್ರಕಾರ ‘ವ್ಯರ್ಥವಾದವನು’ ಎಂಬುದು ಅವರ ಗಮನಕ್ಕೆ ಬಂದಂತಿಲ್ಲ. ಬಿ. ಜಿ. ಎಲ್. ಸ್ವಾಮಿಯವರು ಜೀವಮಾನದ ಬಹುಭಾಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದರು. ನೀರು ಸಾಗಿಸುವ ನಾಳಗಳೇ ಇಲ್ಲವೆಂದು ಅಂದು ಕಂಡುಬಂದ ಹೂಗಿಡವೊಂದರ ವಿಷಯವನ್ನು ಹಾರ್ವರ್ಡಿನ ಬೈಲಿಯವರೊಡನೆ 1950ರಲ್ಲಿ ಪ್ರಕಟಿಸಿ ಸಸ್ಯವಿಕಾಸದ ಚರ್ಚೆಯಲ್ಲಿ ಸ್ಥಾನ ಪಡೆದವರೂ ಅವರೇ, ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವವನ್ನು ‘ಹಸುರು ಹೊನ್ನು’ ಎಂಬ ಕನ್ನಡ ಗ್ರಂಥವಾಗಿಸಿ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರರಾದವರೂ ಅವರೇ. ‘ಬರೀ ಮೇಷ್ಟರು’ ಎಂಬ ಮಾತು ಅವರ ಮುಂದೆ ಎಷ್ಟು ನಿಂತೀತು? ಆದರೆ ಬೇರೇನೂ ದೊರೆಯಲಿಲ್ಲವೆಂದು ಅಧ್ಯಾಪನಕ್ಕೆ ಬರುವವನು ಅದರಲ್ಲಿ ಕೆಡುಕನ್ನೇ ಮಾಡುವನೆಂಬುದೂ ಸತ್ಯ. ಅಲ್ಲಿಯೂ ಎರಡನೆಯದೊಂದು ವಿದ್ಯೆ, ಹೇಳಿಕೊಡುವ ವಿದ್ಯೆ, ಬೇಕು.

ಇನ್ನು ಎಲ್ಲಕ್ಕಿಂತ ಬಲವಾದ ಆಕ್ಷೇಪಕ್ಕೆ ಬರೋಣ. ಆಕ್ಷೇಪಕರು ಹೇಳಬಹುದು: ನೀವು ಶಾಸ್ತ್ರವನ್ನು ಸಮರ್ಥಿಸಿದಿರಿ, ನಮ್ಮ ಕಾಲೇಜುಗಳು ಕೊಡುತ್ತಿರುವ ಪದವಿಯನ್ನು ಸಮರ್ಥಿಸಬಲ್ಲಿರಾ? ಒಂದು ಸೂಕ್ಷ್ಮದರ್ಶಕಕ್ಕೆ ಹತ್ತು ಮಂದಿ ಸರದಿ ನಿಲ್ಲುವ ಪ್ರಯೋಗಶಾಲೆ, ಗೋಡೆಯ ಚಿತ್ರಪಟಗಳನ್ನು ನೋಡಿ ಬರೆದುಕೊಂಡ ರೆಕಾರ್ಡು ಪುಸ್ತಕ, ನಾಲ್ಕು ವರ್ಷಕ್ಕೆ ವಿಸ್ತರಿಸಿ 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದ ಪಠ್ಯಕ್ರಮದ ಗೊಂದಲ: ಇದರಿಂದ ಯಾವ ಜ್ಞಾನ ಬಂದೀತು? ಬಂದರೂ ಸಂಬಳವೆಲ್ಲಿ? ಈ ಆಕ್ಷೇಪದ ಮೊದಲರ್ಧವನ್ನು ನಾನು ಅಲ್ಲಗಳೆಯಲಾರೆ. ಉತ್ತಮ ಕಾಲೇಜುಗಳಿಲ್ಲವೆಂದಲ್ಲ, ಆದರೆ ಪದವಿಯ ಹೆಸರು ಒಂದೇ ಆಗಿದ್ದು ಒಳಗಿನ ವಸ್ತು ಅಜಗಜಾಂತರವಾಗಿರುವ ಸ್ಥಿತಿಯಲ್ಲಿ ಹೆಸರನ್ನು ನಂಬಿ ಮೋಸಹೋಗುವವರೇ ಬಹಳ. ಉತ್ತರಾರ್ಧಕ್ಕೆ, ಎಂದರೆ ಸಂಬಳದ ಪ್ರಶ್ನೆಗೆ, ಜೈವಿಕ ತಂತ್ರಜ್ಞಾನದ ಕಥೆಯೇ ತಕ್ಕ ವಿವರಣೆ. 2001ರಲ್ಲಿ ಕರ್ನಾಟಕ ಸರ್ಕಾರ ತನ್ನ ಮೊದಲ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ ಕಾಲದಲ್ಲಿ, ಸಾಫ್ಟ್‌ವೇರಿನ ನಂತರದ ಸುಗ್ಗಿ ಇದೇ ಎಂಬ ಮಾತು ಎಲ್ಲೆಡೆಯೂ ಕೇಳಿಬಂದು, ಆ ಹೆಸರಿನ ಪದವಿತರಗತಿಗಳು ಕಾಲೇಜುಕಾಲೇಜುಗಳಲ್ಲಿ ತೆರೆದುವು. ಓದಿ ಹೊರಬಂದವರಲ್ಲಿ ಅನೇಕರಿಗೆ ಆ ಉದ್ಯಮದಲ್ಲಿ ಸ್ಥಳ ದೊರೆಯಲಿಲ್ಲ. ಇದರ ಕಾರಣವನ್ನು ವಿದ್ಯಾರ್ಥಿಗಳ ಅಯೋಗ್ಯತೆಯಲ್ಲಿ ಹುಡುಕಬೇಕಾಗಿಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಗಣಕವಿದ್ದರೆ ಕೆಲಸ ಆರಂಭವಾಗುತ್ತದೆ, ಕೆಲವೇ ತಿಂಗಳುಗಳಲ್ಲಿ ಗ್ರಾಹಕನಿಂದ ಹಣ ಬರುತ್ತದೆ, ಆದುದರಿಂದ ಸಾವಿರಾರು ಮಂದಿ ಹೊಸಬರನ್ನು ಒಮ್ಮೆಗೆ ತೆಗೆದುಕೊಂಡು ತರಬೇತಿ ಕೊಡಲು ಸಾಧ್ಯ. ಹೊಸ ಔಷಧಕ್ಕೆ ಪರೀಕ್ಷೆ, ಮರುಪರೀಕ್ಷೆ, ಅನುಮತಿಗಳೆಲ್ಲ ಸೇರಿ ಹತ್ತು ವರ್ಷವೂ ಹಿಡಿದೀತು, ಬಂಡವಾಳ ಅಪಾರ, ಬೇಕಾದ ಕೈಗಳು ಕೆಲವು ಮತ್ತು ಅವೂ ಬಹುಕಾಲ ಪಳಗಿದ ಕೈಗಳು. ಉದ್ಯಮ ಬೆಳೆದರೆ ಹುದ್ದೆಗಳು ಅದೇ ಪ್ರಮಾಣದಲ್ಲಿ ಬೆಳೆಯುವುವೆಂಬ ಊಹೆಯೇ ಇಲ್ಲಿ ತಪ್ಪಿದುದು. ಸಂಬಳದ ಅಂತರವು ಉದ್ಯಮದ ರಚನೆಯಿಂದ ಹುಟ್ಟಿದ್ದೇ ಹೊರತು ಶಾಸ್ತ್ರದ ತಾರತಮ್ಯದಿಂದಲ್ಲ. ಆದರೆ ಅದರಿಂದ ಅಂತರವೇನೂ ಕಡಮೆಯಾಗುವುದಿಲ್ಲ. ಸಂಶೋಧನೆಯ ದಾರಿಯೂ ಹೀಗೆಯೇ. ಕಿರಿಯ ಸಂಶೋಧಕರ ವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಬರುವುದಕ್ಕೆ ಮೊದಲು ಸಾಮಾನ್ಯವಾಗಿ ಎಂ.ಎಸ್ಸಿ. ಮುಗಿದಿರಬೇಕು, ಕಠಿಣ ಪರೀಕ್ಷೆಯೊಂದನ್ನು ದಾಟಿರಬೇಕು, ಬಂದ ಮೇಲೆ ಐದಾರು ವರ್ಷ ಇಂಥ ವೇತನದಲ್ಲಿಯೇ ಬಾಳಬೇಕು, ಆಮೇಲೂ ಸ್ಥಿರವಾದ ಹುದ್ದೆಯ ಭರವಸೆಯಿಲ್ಲ. ಬೇಗ ದುಡಿಮೆಗೆ ತೊಡಗಬೇಕಾದ ಮನೆಯ ಮಗುವಿಗೆ ಈ ದಾರಿ ದುಬಾರಿ. ಇದನ್ನು ಮುಚ್ಚಿಟ್ಟು ವಿಜ್ಞಾನದ ಹಿರಿಮೆಯನ್ನು ಹೊಗಳುವುದು ಅಪ್ರಾಮಾಣಿಕತೆ.

ಹಾಗಾದರೆ ಪದವಿತರಗತಿಯ ಬಾಗಿಲಲ್ಲಿ ನಿಂತ ಕುಟುಂಬ ಕೇಳಬೇಕಾದ ಪ್ರಶ್ನೆಗಳು ಬದಲಾಗುತ್ತವೆ. ‘ಇದನ್ನು ಓದಿದರೆ ಏನಾಗಬಹುದು’ ಎಂಬ ಪ್ರಶ್ನೆಗೆ ಸತ್ಯವಾದ ಉತ್ತರವೇ ಇಲ್ಲ. ಈ ಕಾಲೇಜಿನ ಪ್ರಯೋಗಶಾಲೆ ವಾರದಲ್ಲಿ ಎಷ್ಟು ಗಂಟೆ ನಿಜವಾಗಿ ನಡೆಯುತ್ತದೆ, ವಿದ್ಯಾರ್ಥಿ ತನ್ನ ಕೈಯಾರೆ ಮಾಡುವುದೇನು, ಕಳೆದ ಮೂರು ವರ್ಷ ಇಲ್ಲಿಂದ ಹೊರಟವರು ಈಗ ಎಲ್ಲಿದ್ದಾರೆ, ಪಟ್ಟಿಯಲ್ಲಿರುವ ಮೂರು ವಿಷಯಗಳು ಯಾವ ಹುದ್ದೆಗಳ ನಿಯಮಕ್ಕೆ ಹೊಂದುತ್ತವೆ, ಯಾವುದಕ್ಕೆ ಹೊಂದುವುದಿಲ್ಲ, ಜೊತೆಗೆ ಕಲಿಯಬಹುದಾದ ಎರಡನೆಯ ವಿದ್ಯೆ ಯಾವುದು: ಇವಕ್ಕೆ ಉತ್ತರವುಂಟು, ಕೇಳಿದರೆ ದೊರೆಯುತ್ತದೆ. ಎರಡನೆಯ ವಿದ್ಯೆಗಳಲ್ಲಿ ಆಯ್ಕೆ ನನಗೇ ಬಿಟ್ಟದ್ದಾದರೆ ಸಂಖ್ಯಾಶಾಸ್ತ್ರವನ್ನು ಮೊದಲಿಗಿಡುವೆನು. ಜೀವಿಗಳು ಒಂದರಂತೆ ಒಂದಿರುವುದಿಲ್ಲ. ಆ ವೈವಿಧ್ಯದ ನಡುವೆ ನಿಜವಾದ ವ್ಯತ್ಯಾಸ ಯಾವುದು, ಆಕಸ್ಮಿಕ ಯಾವುದು ಎಂಬುದನ್ನು ಲೆಕ್ಕದಿಂದ ಬೇರ್ಪಡಿಸಬಲ್ಲವನು ಬೀಜದ ಕಂಪನಿಯಿಂದ ಔಷಧಪರೀಕ್ಷೆಯವರೆಗೆ ಎಲ್ಲಿಯೂ ಬೇಕಾದವನು. ದುರದೃಷ್ಟವಶಾತ್ ಲೆಕ್ಕಕ್ಕೆ ಹೆದರಿಯೇ ಜೀವಶಾಸ್ತ್ರವನ್ನು ಹಿಡಿದವರು ನಮ್ಮಲ್ಲಿ ಅನೇಕರಿದ್ದಾರೆ, ಮತ್ತು ಪಿಯುಸಿಯಲ್ಲಿ ಗಣಿತವನ್ನು ಕೈಬಿಟ್ಟು ಬಂದವರಿಗೆ ಈ ಸಲಹೆ ರುಚಿಸದು.

ಒಂದು ವರ್ಗದ ವಿದ್ಯಾರ್ಥಿಗಳ ಮಟ್ಟಿಗೆ ಮಾತ್ರ ಜನಾಭಿಪ್ರಾಯವನ್ನು ನಾನು ಖಂಡಿಸಲಾರೆ. ಅವರು ಬಿ.ಎಸ್ಸಿ.ಗೆ ಸೇರುವುದು ಎರಡನೆಯ ಸಲ, ಮೂರನೆಯ ಸಲ ನೀಟ್ ಬರೆಯುವ ನಡುವಣ ಕಾಲಕ್ಕೆ ಒಂದು ವಿಳಾಸವಿರಲೆಂದು. ಹಾಜರಿಗಾಗಿ ತರಗತಿಯಲ್ಲಿ ಕುಳಿತು ಮೊಣಕಾಲ ಮೇಲೆ ಪ್ರವೇಶಪರೀಕ್ಷೆಯ ಪ್ರಶ್ನಾವಳಿಯನ್ನು ತೆರೆದುಕೊಂಡಿರುವ ಅವರಿಗೆ ಎದುರಿನ ಮೇಜಿನ ಮೇಲಿರುವ ಎಲೆಯೂ ಹುಳುವೂ ಕಾಣುವುದಿಲ್ಲ. ಅವರ ಪದವಿ ನಿಜವಾಗಿಯೂ ಅವರು ಹೇಳುವಷ್ಟೇ ನಿಷ್ಪ್ರಯೋಜಕವಾಗಿ ಪರಿಣಮಿಸುತ್ತದೆ. ಅಂಥವರಲ್ಲಿ ಕೆಲವರು ವೈದ್ಯಕೀಯವನ್ನು ಮುಟ್ಟುವರು. ಮುಟ್ಟದವರು ಆ ಮೂರು ವರ್ಷಗಳನ್ನು ಕಳೆಯುವುದಕ್ಕಿಂತ, ವಾಣಿಜ್ಯವೋ ಕಾನೂನೋ ಕೈಕಸುಬೋ ತಮಗೆ ಒಪ್ಪುವ ಬೇರೊಂದನ್ನು ಮೊದಲನೆಯ ವರ್ಷದಲ್ಲಿಯೇ ಹಿಡಿಯುವುದು ಮೇಲು, ಮತ್ತು ಹಾಗೆ ಬಿಟ್ಟುಹೋಗುವುದನ್ನು ಮನೆಯವರು ಎರಡನೆಯ ಸೋಲೆಂದು ಎಣಿಸಬೇಕಾದ ಕಾರಣವಿಲ್ಲ.